ಅಂಕಿ ಸರಿಯಿತು, ಫಿಲ್ಮ್ ಸರಿಯಲಿಲ್ಲ: ಹಳೆಯ ಕ್ಯಾಮೆರಾದೊಳಗಿನ ಒಂದು ಅಳತೆಯ ಇತಿಹಾಸ

1980ರ ಫೆಬ್ರವರಿ 16ರ ಮಧ್ಯಾಹ್ನ ಸಂಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ರಾಜ್ಯವನ್ನು ಹೊಕ್ಕು, ರಾಯಚೂರನ್ನು ದಾಟಿ ಆಂಧ್ರದತ್ತ ಸಾಗಿತು. ಅನೇಕರು ಕಿಟಕಿ ಬಾಗಿಲು ಮುಚ್ಚಿಕೊಂಡು ಮನೆಯೊಳಗೇ ಕುಳಿತಿದ್ದರು. ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದ ನಾನು ಮತ್ತು ನಮ್ಮ ವಿಜ್ಞಾನದ ಮಾಸ್ತರು ರಾಯಚೂರಿನ ಹೊರಗೊಂದು ಬಯಲಿನಲ್ಲಿದ್ದೆವು. ಮಾಸ್ತರು ಪರಿಚಿತರೊಬ್ಬರಿಂದ 35 ಮಿಮೀ ಕ್ಯಾಮೆರಾ ಎರವಲು ತಂದಿದ್ದರು. ಲಿವರ್ ಎಳೆದು ಗುಂಡಿ ಒತ್ತುವುದು ಅವರ ಕೆಲಸ, ಹೊತ್ತನ್ನೂ ಚಿತ್ರದ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ.

ಪೂರ್ಣ ಕತ್ತಲೆ ಮೂರು ನಿಮಿಷವೂ ಇರಲಿಲ್ಲ. ಬೆಳಕು ಮರಳಿದಾಗ ಮಾಸ್ತರು ಕೇಳಿದರು: “ಎಷ್ಟಾದುವೋ ತಮ್ಮಾ?” “ಇಪ್ಪತ್ತೆರಡು ಆದ್ವು ಸರ್” ಎಂದೆ. ಕ್ಯಾಮೆರಾದ ನೆತ್ತಿಯ ಮೇಲಿನ ಅಂಕಿಯೂ ಅದನ್ನೇ ಹೇಳುತ್ತಿತ್ತು.

ಕೆಲವು ದಿನಗಳ ಮೇಲೆ ಫಿಲ್ಮ್ ಸಂಸ್ಕರಣೆಯಾಗಿ ಬಂತು. ಅದರ ತುದಿಯ ಒಂದು ತುಂಡು ಕಪ್ಪಾಗಿತ್ತು. ಉಳಿದ ಉದ್ದವೆಲ್ಲ ಗಾಜಿನಂತೆ ಪಾರದರ್ಶಕ! ಫಿಲ್ಮಿನ ನಾಲಗೆ ಒಳಗಿನ ಸ್ಪೂಲಿನಿಂದ ಜಾರಿಹೋಗಿತ್ತು. ಕ್ಯಾಮೆರಾಕ್ಕೆ ಹಾಕುವಾಗಲೇ ಬೆಳಕು ತಾಗಿ ಕೆಟ್ಟಿದ್ದ ಆ ತುದಿಯ ಮೇಲೆಯೇ ಇಪ್ಪತ್ತೆರಡು ಸಲವೂ ಗ್ರಹಣದ ಬೆಳಕು ಬಿದ್ದಿತ್ತು.

ಹಾಗಾದರೆ ಕ್ಯಾಮೆರಾ ‘22’ ಎಂದು ತೋರಿಸಿದ್ದೇಕೆ? ಅದು ಎಣಿಸಿದ್ದು ಏನನ್ನು? ಈ ಪ್ರಶ್ನೆಯ ಉತ್ತರದಲ್ಲಿ ಫಿಲ್ಮ್ ಕ್ಯಾಮೆರಾದ ನೂರು ವರ್ಷಕ್ಕೂ ಮಿಗಿಲಾದ ಇತಿಹಾಸ ಅಡಗಿದೆ. ಹಳೆಯ ಕ್ಯಾಮೆರಾದ ದೋಷ ಪತ್ತೆಗೂ ಅದೇ ದಾರಿ.

ಸುಲಭವೆನಿಸುವ ಕಷ್ಟ

ಒಂದು ಚಿತ್ರ ತೆಗೆದ ಮೇಲೆ ಫಿಲ್ಮನ್ನು ನಿರ್ದಿಷ್ಟ ಉದ್ದದಷ್ಟು ಮುಂದಕ್ಕೆ ಎಳೆಯಬೇಕು. ಕಡಿಮೆ ಎಳೆದರೆ ಚಿತ್ರದ ಮೇಲೆ ಚಿತ್ರ ಬೀಳುತ್ತದೆ, ಹೆಚ್ಚು ಎಳೆದರೆ ಫಿಲ್ಮ್ ವ್ಯರ್ಥ. ಪ್ರತಿ ಬಾರಿಯೂ ಸ್ಪೂಲನ್ನು ಒಂದೇ ಪ್ರಮಾಣದಲ್ಲಿ ತಿರುಗಿಸಿದರೆ ಸಾಲದೆ? ಸಾಲದು. ಸುರುಳಿ ಸುತ್ತುತ್ತ ಹೋದಂತೆ ಸ್ಪೂಲ್ ದಪ್ಪವಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಬರಿಯ ಸ್ಪೂಲಿನ ವ್ಯಾಸ 14 ಮಿಮೀ ಎಂದುಕೊಳ್ಳಿ. ಅದರ ಸುತ್ತಳತೆ 22/7 × 14, ಅಂದರೆ 44 ಮಿಮೀ. ಒಂದು ಚಿತ್ರಕ್ಕೆ 38 ಮಿಮೀ ಫಿಲ್ಮ್ ಬೇಕು. 36 ಚಿತ್ರಗಳಿಗೆ 1368 ಮಿಮೀ ಆಯಿತು. ಫಿಲ್ಮಿನ ದಪ್ಪ ಸುಮಾರು 0.14 ಮಿಮೀ. ಆದ್ದರಿಂದ ಸುತ್ತಿದ ಫಿಲ್ಮ್ ಆಕ್ರಮಿಸುವ ಅಡ್ಡಕೊಯ್ತದ ವಿಸ್ತೀರ್ಣ 1368 × 0.14, ಸುಮಾರು 191 ಚದರ ಮಿಮೀ. ಸ್ಪೂಲಿನದೇ ವಿಸ್ತೀರ್ಣ 154 ಚದರ ಮಿಮೀ. ಎರಡೂ ಸೇರಿ 345. ಇಷ್ಟು ವಿಸ್ತೀರ್ಣದ ವೃತ್ತದ ವ್ಯಾಸ ಸುಮಾರು 21 ಮಿಮೀ, ಸುತ್ತಳತೆ 66 ಮಿಮೀ.

ಅಂದರೆ, ಮೊದಲ ಚಿತ್ರಕ್ಕೆ 38 ಮಿಮೀ ಎಳೆದ ಅದೇ ತಿರುವು ಕೊನೆಯ ಹೊತ್ತಿಗೆ 57 ಮಿಮೀ ಎಳೆಯುತ್ತದೆ. ಒಂದೂವರೆ ಪಟ್ಟು! ಸ್ಪೂಲಿನ ತಿರುವನ್ನು ನಂಬಿ ಫಿಲ್ಮನ್ನು ಅಳೆಯಲಾಗದು. ಬೇರೇನನ್ನು ನಂಬಬೇಕು? ಕ್ಯಾಮೆರಾ ತಯಾರಕರು ಈ ಪ್ರಶ್ನೆಗೆ ಒಂದಾದ ಮೇಲೊಂದು ಉತ್ತರ ಹುಡುಕಿದರು.

ಮೊದಲ ಉತ್ತರ: ಕಣ್ಣು

ಅಮೆರಿಕದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ‘ಕೊಡಕ್’ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದರು. ಅದರೊಳಗಿನ ಸುರುಳಿಯಲ್ಲಿ ನೂರು ದುಂಡನೆಯ ಚಿತ್ರಗಳಿಗೆ ಜಾಗವಿತ್ತು. ದಾರ ಎಳೆದು ಷಟರ್ ಬಿಗಿಯಬೇಕು, ಕೀಲಿ ತಿರುಗಿಸಿ ಫಿಲ್ಮ್ ಸರಿಸಬೇಕು, ಗುಂಡಿ ಒತ್ತಬೇಕು. ಫಿಲ್ಮ್ ಸರಿಯುತ್ತಿರುವುದನ್ನು ತೋರಿಸಲು ಮೇಲ್ಭಾಗದಲ್ಲೊಂದು ಸೂಚಕವಿತ್ತು. ನೂರು ಮುಗಿದ ಮೇಲೆ ಕ್ಯಾಮೆರಾವನ್ನೇ ರೋಚೆಸ್ಟರಿನ ಕಾರ್ಖಾನೆಗೆ ಕಳುಹಿಸಬೇಕಿತ್ತು.

1892ರಲ್ಲಿ ಬಾಸ್ಟನ್ನಿನ ಸ್ಯಾಮುಯೆಲ್ ಟರ್ನರ್ ಬಲು ಸರಳವಾದ ಉಪಾಯವೊಂದನ್ನು ಕಂಡುಕೊಂಡರು. ಫಿಲ್ಮಿನ ಬೆನ್ನಿಗೆ ಕಪ್ಪು ಕಾಗದ, ಆ ಕಾಗದದ ಮೇಲೆ ಅಂಕಿಗಳು, ಕ್ಯಾಮೆರಾದ ಬೆನ್ನಿನಲ್ಲಿ ಒಂದು ಪುಟ್ಟ ಕೆಂಪು ಕಿಟಕಿ. ಮುಂದಿನ ಅಂಕಿ ಕಿಟಕಿಯಲ್ಲಿ ಕಾಣುವವರೆಗೆ ಕೀಲಿ ತಿರುಗಿಸಿದರೆ ಮುಗಿಯಿತು. ಸ್ಪೂಲ್ ದಪ್ಪವಾದರೇನು, ತೆಳ್ಳಗಿದ್ದರೇನು? ಅಂಕಿಗಳನ್ನು ಮುದ್ರಿಸಿರುವುದು ಕಾಗದದ ಉದ್ದದ ಮೇಲೆ. ಈ ಉಪಾಯದ ಬೆಲೆ ಅರಿತ ಈಸ್ಟ್‌ಮನ್ 1895ರಲ್ಲಿ ಟರ್ನರ್ ಅವರ ಕಂಪನಿಯನ್ನೇ ಕೊಂಡರು.

ಕಿಟಕಿ ಕೆಂಪೇ ಏಕೆ? ಆ ಕಾಲದ ಫಿಲ್ಮುಗಳಿಗೆ ಕೆಂಪು ಬೆಳಕಿನ ಸಂವೇದನೆ ಇರಲಿಲ್ಲ. ಮುಂದೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಿಲ್ಮುಗಳು ಬಂದಾಗ ಕೆಂಪು ಕಿಟಕಿಯೇ ಅಪಾಯಕಾರಿಯಾಯಿತು. ಆದ್ದರಿಂದ ಅನೇಕ ಕ್ಯಾಮೆರಾಗಳಲ್ಲಿ ಕಿಟಕಿಗೆ ಸರಿಸುವ ಮುಚ್ಚಳ ಬಂತು. ಇಂದಿಗೂ ಇಂಥ ಕ್ಯಾಮೆರಾ ಬಳಸುವವರು ಬಿಸಿಲಿನಲ್ಲಿ ಕಿಟಕಿಯನ್ನು ತೆರೆದಿಡಬಾರದು.

ಕೊಡಕ್ ಕಂಪನಿ 1901ರಲ್ಲಿ ತಂದ ‘120’ ಎಂಬ ಸುರುಳಿ ಈಗಲೂ ತಯಾರಾಗುತ್ತಿದೆ. ಅದರ ಕಾಗದದ ಮೇಲೆ ಮೂರು ಸಾಲು ಅಂಕಿಗಳಿರುತ್ತವೆ. ಚಿತ್ರದ ಅಳತೆಗೆ ತಕ್ಕಂತೆ 8, 12 ಅಥವಾ 16 ಚಿತ್ರಗಳು. ನಮ್ಮಲ್ಲಿ ಅನೇಕ ಮನೆಗಳ ಅಟ್ಟದಲ್ಲಿ ಸಿಗುವ, ವಡೋದರದಲ್ಲಿ ತಯಾರಾದ ಆಗ್ಫಾ ಕ್ಲಿಕ್-3 ಕ್ಯಾಮೆರಾ ಈ ವಂಶದ್ದೇ. 12 ಚಿತ್ರ, ಕೆಂಪು ಕಿಟಕಿ. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಊಟಿಯ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ಬಳಸಿದವರು ನಮ್ಮ ಓದುಗರಲ್ಲೂ ಇರಬಹುದು. ಆ ಕಾರ್ಖಾನೆ ಈಗ ಮುಚ್ಚಿದೆ.

ಕೆಂಪು ಕಿಟಕಿಯ ದೊಡ್ಡ ಗುಣವೆಂದರೆ ನೋಡುಗನಿಗೆ ಕಾಣುವುದು ಫಿಲ್ಮಿನ ಜೊತೆಗೇ ಸರಿಯುವ ಕಾಗದ. ಅಂಕಿ ಸರಿದರೆ ಕಾಗದ ಸರಿದಿದೆ ಎಂದೇ ಅರ್ಥ. ಅದರ ದೋಷ ಮನುಷ್ಯನ ಮರೆವು. ಸುತ್ತಲು ಮರೆತರೆ ಒಂದರ ಮೇಲೊಂದು ಚಿತ್ರ, ಅಂಕಿ ದಾಟಿಸಿಬಿಟ್ಟರೆ ಒಂದು ಚಿತ್ರ ನಷ್ಟ.

ಎರಡನೆಯ ಉತ್ತರ: ರಂಧ್ರ

ಎರಡನೆಯ ಉತ್ತರ ಬಂದದ್ದು ಚಲನಚಿತ್ರದಿಂದ. ಎಡಿಸನ್ನರ ಪ್ರಯೋಗಾಲಯದಲ್ಲಿದ್ದ ಡಬ್ಲ್ಯು. ಕೆ. ಎಲ್. ಡಿಕ್ಸನ್ 1890ರ ದಶಕದ ಆರಂಭದಲ್ಲಿ ಈಸ್ಟ್‌ಮನ್ ಕಂಪನಿಯ 70 ಮಿಮೀ ಫಿಲ್ಮನ್ನು ಉದ್ದಕ್ಕೆ ಸೀಳಿ 35 ಮಿಮೀ ಪಟ್ಟಿ ಮಾಡಿಕೊಂಡರು. ಅದರ ಎರಡೂ ಅಂಚಿನಲ್ಲಿ ಸಾಲಾಗಿ ರಂಧ್ರ ಕೊರೆದು, ಒಂದು ಚಿತ್ರಕ್ಕೆ ನಾಲ್ಕು ರಂಧ್ರಗಳೆಂದು ಗೊತ್ತುಮಾಡಿದರು. ಒಂದು ರಂಧ್ರದಿಂದ ಇನ್ನೊಂದಕ್ಕೆ 4.75 ಮಿಮೀ. ಇದರಿಂದಾಗಿ ಫಿಲ್ಮಿನ ಅಂಚೇ ಅಳತೆಪಟ್ಟಿಯಾಯಿತು. ಹಲ್ಲುಚಕ್ರವೊಂದು ರಂಧ್ರಗಳನ್ನು ಹಿಡಿದು ತಿರುಗಿದರೆ ಸರಿದ ಉದ್ದ ಎಷ್ಟೆಂದು ಹಲ್ಲುಗಳ ಲೆಕ್ಕದಿಂದ ತಿಳಿಯುತ್ತದೆ.

ಈ ಸಿನಿಮಾ ಫಿಲ್ಮನ್ನು ಸ್ಥಿರಚಿತ್ರಕ್ಕೆ ಯಶಸ್ವಿಯಾಗಿ ಒಗ್ಗಿಸಿದವರಲ್ಲಿ ಮುಖ್ಯರಾದವರು ಜರ್ಮನಿಯ ಆಸ್ಕರ್ ಬಾರ್ನಾಕ್. ವೆಟ್ಸ್‌ಲಾರ್ ಪಟ್ಟಣದಲ್ಲಿ ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಂಪನಿಯಲ್ಲಿ ಅವರು ತಂತ್ರಜ್ಞ. 1913-14ರ ಹೊತ್ತಿಗೆ ಅವರು ಅಂಗೈಯಲ್ಲಿ ಹಿಡಿಯುವಂಥ ಕ್ಯಾಮೆರಾ ಮಾಡಿ, ಸಿನಿಮಾದ ಚಿತ್ರದ ಎರಡರಷ್ಟು ಜಾಗವನ್ನು ಒಂದು ಚಿತ್ರಕ್ಕೆ ಕೊಟ್ಟರು. ನಾಲ್ಕರ ಬದಲು ಎಂಟು ರಂಧ್ರಗಳು. 8 × 4.75 = 38 ಮಿಮೀ. ಅದರಲ್ಲಿ 36 ಮಿಮೀ ಚಿತ್ರಕ್ಕೆ, 2 ಮಿಮೀ ನಡುವಿನ ಅಂಚಿಗೆ. ಯುದ್ಧ ಮುಗಿದು, ಅಂತೂ 1925ರ ಲೈಪ್‌ಸಿಗ್ ಮೇಳದಲ್ಲಿ ‘ಲೈಕಾ’ ಹೆಸರಿನಲ್ಲಿ ಆ ಕ್ಯಾಮೆರಾ ಜನರ ಮುಂದೆ ಬಂತು.

ಬಾರ್ನಾಕರ ಇನ್ನೊಂದು ಜಾಣತನ, ಫಿಲ್ಮ್ ಎಳೆಯುವ ಗುಂಡಿಗೆ ಷಟರನ್ನೂ ಜೋಡಿಸಿದ್ದು. ಫಿಲ್ಮ್ ಎಳೆದರೆ ಷಟರ್ ಬಿಗಿಯುತ್ತದೆ. ಎಳೆಯದಿದ್ದರೆ ಎರಡನೆಯ ಬಾರಿ ಗುಂಡಿ ಒತ್ತಿದರೂ ಷಟರ್ ತೆರೆಯದು. ಮನುಷ್ಯನ ಮರೆವಿಗೆ ಯಂತ್ರವೇ ಬೇಲಿ ಹಾಕಿತು.

ಸ್ಪೂಲ್ ದಪ್ಪವಾಗುವ ತೊಂದರೆ ಏನಾಯಿತು? ಅಳತೆಯ ಹೊಣೆ ಹಲ್ಲುಚಕ್ರದ್ದು, ಸುತ್ತಿಕೊಳ್ಳುವ ಹೊಣೆಯಷ್ಟೇ ಸ್ಪೂಲಿನದು. ಸ್ಪೂಲನ್ನು ಬೇಕಾದ್ದಕ್ಕಿಂತ ಹೆಚ್ಚು ವೇಗವಾಗಿ ತಿರುಗುವಂತೆ ಜೋಡಿಸಿ, ನಡುವೆ ಒಂದು ಜಾರುವ ಕ್ಲಚ್ ಇಟ್ಟರು. ಫಿಲ್ಮ್ ಬಿಗಿಯಾದೊಡನೆ ಸ್ಪೂಲ್ ಘರ್ಷಣೆಯಲ್ಲಿ ಜಾರಿ ನಿಲ್ಲುತ್ತದೆ. ಆ ಘರ್ಷಣೆ ಹದವಾಗಿರಬೇಕು, ಫಿಲ್ಮನ್ನು ಬಿಗಿಹಿಡಿಯುವಷ್ಟು, ರಂಧ್ರಗಳನ್ನು ಹರಿಯದಷ್ಟು.

1934ರಲ್ಲಿ ಕೊಡಕ್ ಕಂಪನಿ ‘135’ ಎಂಬ ಸಿದ್ಧ ಕ್ಯಾಸೆಟ್ಟನ್ನು ತಂದಿತು. ಕತ್ತಲೆಯಲ್ಲಿ ಫಿಲ್ಮ್ ತುಂಬಿಕೊಳ್ಳುವ ಕಷ್ಟ ತಪ್ಪಿತು. 1954ರ ಲೈಕಾ ಎಂ-3ರಲ್ಲಿ ಗುಂಡಿಯ ಬದಲು ಹೆಬ್ಬೆರಳಿನಿಂದ ಎರಡು ಸಲ ಎಳೆಯುವ ಲಿವರ್ ಬಂತು. 1958ರಲ್ಲಿ ಅದು ಒಂದೇ ಎಳೆತವಾಯಿತು. ನಮ್ಮ ಮಾಸ್ತರು ತಂದಿದ್ದ ಕ್ಯಾಮೆರಾ ಈ ಮನೆತನದ್ದೇ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಂಥ ಕ್ಯಾಮೆರಾದಲ್ಲಿ ಲಿವರ್ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಷಟರನ್ನು ಬಿಗಿಯುತ್ತದೆ, ಅಂಕಿಯನ್ನೂ ಒಂದು ಮನೆ ಮುಂದೂಡುತ್ತದೆ. ಹಲ್ಲಿನ ಮೇಲೆ ಫಿಲ್ಮ್ ಕುಳಿತಿದೆಯೇ, ಸ್ಪೂಲ್ ಅದನ್ನು ಹಿಡಿದಿದೆಯೇ ಎಂದು ಯಾರೂ ಕೇಳುವುದಿಲ್ಲ. ಅಂಕಿ ಎಣಿಸುವುದು ಲಿವರಿನ ಎಳೆತಗಳನ್ನು, ಚಿತ್ರಗಳನ್ನಲ್ಲ!

ಮೂರನೆಯ ಉತ್ತರ: ಫಿಲ್ಮನ್ನೇ ಕೇಳು

ಯಂತ್ರ ತನ್ನ ಚಕ್ರವನ್ನು ನಂಬುವ ಬದಲು ಫಿಲ್ಮನ್ನೇ ಮುಟ್ಟಿ ನೋಡುವಂತೆ ಮಾಡಲಾಗದೆ? 1937ರ ರೋಲಿಫ್ಲೆಕ್ಸ್ ಆಟೋಮ್ಯಾಟ್ ಕ್ಯಾಮೆರಾದಲ್ಲಿ 120 ಸುರುಳಿಯ ಕಾಗದ ಎರಡು ಉರುಳೆಗಳ ನಡುವೆ ಹಾದುಹೋಗುತ್ತಿತ್ತು. ಬರಿಯ ಕಾಗದ ಮುಗಿದು ಫಿಲ್ಮ್ ಆರಂಭವಾಗುವಲ್ಲಿ ದಪ್ಪ ತುಸು ಹೆಚ್ಚುತ್ತದೆ. ಉರುಳೆಗಳು ಆ ಕೂದಲೆಳೆಯಷ್ಟು ವ್ಯತ್ಯಾಸವನ್ನು ಗುರುತಿಸಿ, ಎಣಿಕೆಯನ್ನು ಅಲ್ಲಿಂದ ಆರಂಭಿಸುತ್ತಿದ್ದವು.

1963ರಲ್ಲಿ ಬಂದ ಕೊಡಕ್ ಇನ್‌ಸ್ಟಮ್ಯಾಟಿಕ್ ಕ್ಯಾಮೆರಾಗಳ ‘126’ ಫಿಲ್ಮಿನಲ್ಲಿ ಒಂದು ಚಿತ್ರಕ್ಕೆ ಒಂದೇ ರಂಧ್ರ. ಆ ರಂಧ್ರಕ್ಕೆ ಕ್ಯಾಮೆರಾದ ಮೊಳೆ ಬಿದ್ದರೆ ಮಾತ್ರ ಫಿಲ್ಮ್ ಸರಿದಿದೆ ಎಂದು ಅರ್ಥ. 1980ರ ದಶಕದ ಕೊನೆಯಲ್ಲಿ ಬಂದ, ಒಮ್ಮೆ ಬಳಸಿ ಹಿಂದಿರುಗಿಸುವ ಅಗ್ಗದ 35 ಮಿಮೀ ಕ್ಯಾಮೆರಾಗಳಲ್ಲಿ ಹಲ್ಲುಚಕ್ರವನ್ನು ಕೈ ತಿರುಗಿಸುವುದಿಲ್ಲ, ಸರಿಯುವ ಫಿಲ್ಮ್ ತಿರುಗಿಸುತ್ತದೆ. ಹಲ್ಲುಚಕ್ರ ತಿರುಗಿದರಷ್ಟೇ ಷಟರ್ ಬಿಗಿಯುತ್ತದೆ. ಫಿಲ್ಮ್ ಸರಿಯದಿದ್ದರೆ ಆ ಕ್ಯಾಮೆರಾ ಚಿತ್ರ ತೆಗೆಯಲು ಒಪ್ಪುವುದೇ ಇಲ್ಲ. ಸಾವಿರಾರು ರೂಪಾಯಿಯ ಕ್ಯಾಮೆರಾ ಹೇಳಬಹುದಾದ ಸುಳ್ಳನ್ನು ಈ ಅಗ್ಗದ ಡಬ್ಬಿ ಹೇಳಲಾರದು!

ಚಂದ್ರನ ಮೇಲೆ ಇನ್ನೊಂದು ತೊಡಕು

ಫಿಲ್ಮ್ ಸರಿಸುವುದರಲ್ಲಿ ಉದ್ದದ ಅಳತೆಯಷ್ಟೇ ಸಮಸ್ಯೆಯಲ್ಲ. 1969ರ ಜುಲೈಯಲ್ಲಿ ಅಪೊಲೊ-11ರ ಯಾತ್ರಿಗಳು ಚಂದ್ರನ ಮೇಲೆ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾ ಬಳಸಿದರು. ದಪ್ಪ ಕೈಗವಸು ತೊಟ್ಟವರು ಲಿವರ್ ಎಳೆಯಲು ಆಗದು. ಆದ್ದರಿಂದ ವಿದ್ಯುತ್ ಮೋಟಾರು 70 ಮಿಮೀ ಫಿಲ್ಮನ್ನು ಸರಿಸುತ್ತಿತ್ತು. ಫಿಲ್ಮಿನ ಮುಂದೆ ಅಳತೆಗಾಗಿ ಸಣ್ಣ ಅಡ್ಡಗೆರೆಗಳಿದ್ದ ಗಾಜಿನ ಫಲಕವಿತ್ತು. ಚಂದ್ರನ ಚಿತ್ರಗಳಲ್ಲಿ ಕಾಣುವ ‘+’ ಗುರುತುಗಳು ಇದರವೇ. ಒಣ ಫಿಲ್ಮ್ ಗಾಜಿನ ಬಳಿ ವೇಗವಾಗಿ ಸರಿದಾಗ ಸ್ಥಿರವಿದ್ಯುತ್ ಹುಟ್ಟುತ್ತದೆ. ಸಾಮಾನ್ಯ ಕ್ಯಾಮೆರಾದಲ್ಲಿ ಲೋಹದ ಭಾಗಗಳು ಮತ್ತು ಗಾಳಿಯ ತೇವ ಅದನ್ನು ಹರಿದುಹೋಗಲು ಬಿಡುತ್ತವೆ. ಚಂದ್ರನಲ್ಲಿ ತೇವ ಎಲ್ಲಿಯದು? ಕಿಡಿ ಹಾರಿದರೆ ಚಿತ್ರದ ಮೇಲೆ ಅದರ ಗುರುತು ಉಳಿಯುತ್ತದೆ. ಆದ್ದರಿಂದ ಗಾಜಿನ ಮೇಲೆ ವಿದ್ಯುತ್ ಹರಿಯುವಂಥ ಅತಿ ತೆಳುವಾದ ಲೇಪ ಕೊಟ್ಟು, ಆವೇಶ ಕ್ಯಾಮೆರಾದ ಲೋಹಕ್ಕೆ ಸೇರುವಂತೆ ಮಾಡಿದರು. ಮರಳುವಾಗ ಭಾರ ಉಳಿಸಲು ಕ್ಯಾಮೆರಾವನ್ನು ಚಂದ್ರನ ಮೇಲೆಯೇ ಬಿಟ್ಟು ಫಿಲ್ಮಿನ ಪೆಟ್ಟಿಗೆಯನ್ನು ಮಾತ್ರ ತಂದರು.

ದೋಷ ಹುಡುಕುವ ಬಗೆ

ಇಷ್ಟು ಹಿನ್ನೆಲೆ ತಿಳಿದರೆ, ಶಾಲೆಯ ಬೀರುವಿನಲ್ಲೋ ತಾತನ ಪೆಟ್ಟಿಗೆಯಲ್ಲೋ ಸಿಕ್ಕ 35 ಮಿಮೀ ಕ್ಯಾಮೆರಾದ ತೊಂದರೆಯನ್ನು ನಾವೇ ಬಹುಮಟ್ಟಿಗೆ ಗುರುತಿಸಬಹುದು.

ಅಂಕಿ ಸರಿಯುತ್ತದೆ, ಫಿಲ್ಮ್ ಸರಿಯುವುದಿಲ್ಲ: ಫಿಲ್ಮ್ ಹಾಕಿ ಮುಚ್ಚಿದ ಮೇಲೆ ಎಡಬದಿಯ ರೀವೈಂಡ್ ಗುಂಡಿಯನ್ನು, ಬಿಗಿ ಸಿಗುವವರೆಗೆ ಬಾಣದ ಗುರುತಿನತ್ತ ಮೆಲ್ಲಗೆ ತಿರುಗಿಸಿ. ಅನಂತರ ಲಿವರ್ ಎಳೆಯಿರಿ. ಆ ಗುಂಡಿ ತಾನೇ ಹಿಮ್ಮುಖವಾಗಿ ತಿರುಗಿದರೆ ಕ್ಯಾಸೆಟ್ಟಿನಿಂದ ಫಿಲ್ಮ್ ಹೊರಬರುತ್ತಿದೆ ಎಂದರ್ಥ. ತಿರುಗದಿದ್ದರೆ ಅಂಕಿ ಏನೇ ಹೇಳಲಿ, ನಂಬಬೇಡಿ. ಕ್ಯಾಸೆಟ್ಟಿಗೆ ನೇರವಾಗಿ ಕೂಡಿಕೊಂಡಿರುವ ಈ ಗುಂಡಿಯೇ ನಿಜವಾದ ಸಾಕ್ಷಿ. ಅಂದು ನಾವು ನೋಡದೆ ಬಿಟ್ಟದ್ದು ಇದನ್ನೇ.

ಲಿವರ್ ನಡುವೆ ಸಿಕ್ಕಿಕೊಳ್ಳುತ್ತದೆ: ಮೊದಲು ಅಂಕಿ ನೋಡಿ. ಸುರುಳಿ ಮುಗಿದಿರಬಹುದು. 1970ರ ದಶಕದ ಮತ್ತು ಆಮೇಲಿನ ಕೆಲವು ಕ್ಯಾಮೆರಾಗಳಲ್ಲಿ ಷಟರ್ ನಡೆಸುವುದು ವಿದ್ಯುತ್. ಬ್ಯಾಟರಿ ಸತ್ತರೆ ಷಟರ್ ಅರ್ಧಕ್ಕೆ ನಿಲ್ಲುತ್ತದೆ, ಅದರ ಜೊತೆ ಬೆಸೆದ ಲಿವರೂ ನಿಲ್ಲುತ್ತದೆ. ಹೊಸ ಬ್ಯಾಟರಿ ಹಾಕಿ ನೋಡಿ. ಬಲಪ್ರಯೋಗ ಬೇಡ. ಬಲವಾಗಿ ಎಳೆದರೆ ರಂಧ್ರಗಳು ಹರಿಯುತ್ತವೆ. ಆಮೇಲೆ ಹಲ್ಲುಚಕ್ರ ಬರಿದೇ ತಿರುಗುತ್ತದೆ.

ಚಿತ್ರದ ಮೇಲೆ ಚಿತ್ರ ಬೀಳುತ್ತದೆ: ಕ್ಯಾಮೆರಾದ ತಳದಲ್ಲಿ ರೀವೈಂಡಿಗೆಂದು ಹಲ್ಲುಚಕ್ರವನ್ನು ಬಿಡಿಸುವ ಪುಟ್ಟ ಗುಂಡಿ ಇರುತ್ತದೆ. ಧೂಳು, ತುಕ್ಕಿನಿಂದ ಅದು ಒಳಗೇ ಸಿಕ್ಕಿಕೊಂಡಿದ್ದರೆ ಅಳತೆಗಾರನೇ ಕೆಲಸ ಬಿಟ್ಟಂತೆ. ಅದು ಸರಿಯಾಗಿದ್ದರೆ ಜಾರುವ ಕ್ಲಚ್ಚನ್ನು ಪರೀಕ್ಷಿಸಿ. ಫಿಲ್ಮ್ ಇಲ್ಲದೆ ಬೆನ್ನು ತೆರೆದು, ಸ್ಪೂಲನ್ನು ಬೆರಳಿನಿಂದ ಹಗುರವಾಗಿ ಹಿಡಿದು ಲಿವರ್ ಎಳೆಯಿರಿ. ಸ್ಪೂಲ್ ಸ್ವಲ್ಪ ಬಿಗಿ ತೋರಿಸಿ ಜಾರಬೇಕು. ಬಿಗಿಯೇ ಇಲ್ಲದಿದ್ದರೆ ಅದು ಫಿಲ್ಮನ್ನು ಸುತ್ತಿಕೊಳ್ಳದು, ಜಾರದೇ ಹೋದರೆ ರಂಧ್ರ ಹರಿದೀತು. ದಶಕಗಳ ಕಾಲ ಬಳಸದಿದ್ದಾಗ ಗ್ರೀಸಿನ ಎಣ್ಣೆ ಬೇರ್ಪಟ್ಟು ಉಳಿದದ್ದು ಅಂಟಿನಂತಾಗುವುದು ಇದಕ್ಕೆ ಸಾಮಾನ್ಯ ಕಾರಣ. ಇಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಂದಿನದು ಅನುಭವಿ ರಿಪೇರಿಗಾರರದು. ಹೊರಗಿನಿಂದ ಎಣ್ಣೆ ಬಿಡಬೇಡಿ, ಅದು ಹರಿದು ಷಟರಿಗೆ ಅಂಟುತ್ತದೆ.

ಲಿವರ್ ಯಾವ ಬಿಗಿಯೂ ಇಲ್ಲದೆ ಆಡುತ್ತದೆ: ಒಂದೇ ದಿಕ್ಕಿಗೆ ತಿರುಗಲು ಬಿಡುವ ಕೊಂಡಿಯ ಸ್ಪ್ರಿಂಗು ಮುರಿದಿರಬಹುದು ಅಥವಾ ಹಲ್ಲು ಸವೆದಿರಬಹುದು. ಇದೂ ರಿಪೇರಿಯ ಕೆಲಸವೇ.

ಒಳಗೆ ಒಳ್ಳೆಯ ಚಿತ್ರಗಳಿದ್ದು ಫಿಲ್ಮ್ ಸಿಕ್ಕಿಕೊಂಡಿದ್ದರೆ ಹಗಲಿನಲ್ಲಿ ಬೆನ್ನು ತೆರೆಯಬೇಡಿ. ಪೂರ್ಣ ಕತ್ತಲಕೋಣೆಯಲ್ಲಿ ಕೈಯಂದಾಜಿನಿಂದ ಫಿಲ್ಮ್ ಬಿಡಿಸಿ, ಬೆಳಕು ಹೋಗದ ಡಬ್ಬಿಯಲ್ಲಿಟ್ಟು ಸಂಸ್ಕರಣೆಗೆ ಕೊಡಿ.

ತರಗತಿಯಲ್ಲೊಂದು ಪ್ರಯೋಗ

ಅವಧಿ ಮೀರಿದ ಒಂದು ಫಿಲ್ಮನ್ನು ಇದಕ್ಕೆ ಬಲಿ ಕೊಡಿ. ಕ್ಯಾಮೆರಾಕ್ಕೆ ಹಾಕಿ, ಬೆನ್ನು ತೆರೆದೇ ಇರಲಿ. ಚಿತ್ರದ ಚೌಕಟ್ಟಿನ ಎಡ ಅಂಚಿನ ನೇರಕ್ಕೆ ಫಿಲ್ಮಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಷಟರಿನ ಪರದೆಗೆ ಬೆರಳು ತಾಗದಿರಲಿ. ಲಿವರ್ ಎಳೆದು, ಗುಂಡಿ ಒತ್ತಿ, ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ. ಹೀಗೆ ಕೊನೆಯವರೆಗೂ ಮಾಡಿ. ಆಮೇಲೆ ಫಿಲ್ಮ್ ಹೊರತೆಗೆದು ಗೆರೆಗಳ ನಡುವಿನ ರಂಧ್ರಗಳನ್ನು ಎಣಿಸಿ, ಉದ್ದವನ್ನೂ ಅಳೆಯಿರಿ. ಕ್ಯಾಮೆರಾ ಸರಿಯಿದ್ದರೆ ಎಲ್ಲೆಲ್ಲೂ 8 ರಂಧ್ರ, 38 ಮಿಮೀ. ಜೊತೆಗೆ ಸ್ಪೂಲಿನ ವ್ಯಾಸವನ್ನು ಮೊದಲಲ್ಲೂ ಕೊನೆಯಲ್ಲೂ ಅಳೆದರೆ ಮೇಲೆ ಮಾಡಿದ ಲೆಕ್ಕವನ್ನು ಪರೀಕ್ಷಿಸಬಹುದು.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಸರಿಸಬೇಕಾದ ಫಿಲ್ಮೇ ಇಲ್ಲವಾಯಿತು. 2012ರ ಜನವರಿಯಲ್ಲಿ ಕೊಡಕ್ ಕಂಪನಿ ದಿವಾಳಿಯಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೋಯಿತು. ಆದರೂ ಕಥೆ ಮುಗಿದಿಲ್ಲ. 2024ರಲ್ಲಿ ಜಪಾನಿನ ಪೆಂಟಾಕ್ಸ್ ಹೆಸರಿನಲ್ಲಿ ಹೊಸ ಫಿಲ್ಮ್ ಕ್ಯಾಮೆರಾವೊಂದು ಬಂತು, ಹೆಬ್ಬೆರಳಿನಿಂದ ಎಳೆಯುವ ಲಿವರ್ ಸಹಿತ. ಅದನ್ನು ರೂಪಿಸಲು ಕಿರಿಯ ಎಂಜಿನಿಯರುಗಳು ಹಿರಿಯರ ಅನುಭವವನ್ನು ಕೇಳಿ ಕಲಿಯಬೇಕಾಯಿತು. ಅದರ ಒಂದು ಚಿತ್ರಕ್ಕೆ ಬೇಕಾದದ್ದು ನಾಲ್ಕು ರಂಧ್ರ, ಡಿಕ್ಸನ್ ಗೊತ್ತುಮಾಡಿದಷ್ಟೇ!

ಪ್ರತಿಯೊಂದು ಮಾಪಕವೂ ಒಂದನ್ನು ಅಳೆದು ಇನ್ನೊಂದನ್ನು ಹೇಳುತ್ತದೆ. ಸ್ಕೂಟರಿನ ಮೀಟರು ಎಣಿಸುವುದು ಚಕ್ರದ ಸುತ್ತುಗಳನ್ನು, ತೋರಿಸುವುದು ಕಿಲೋಮೀಟರನ್ನು. ನಡುವಿನ ಕೊಂಡಿ ಗಟ್ಟಿಯಾಗಿರುವವರೆಗೆ ಎರಡೂ ಒಂದೇ. ಕೊಂಡಿ ಕಳಚಿದ ದಿನವೂ ಅಂಕಿ ಮಾತ್ರ ಎಂದಿನಂತೆ ಸರಿಯುತ್ತಿರುತ್ತದೆ.

ಬರಿದಾದ ಆ ಫಿಲ್ಮನ್ನು ಮಾಸ್ತರು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನನ್ನಾಗಲಿ ಕ್ಯಾಮೆರಾವನ್ನಾಗಲಿ ಬೈಯಲಿಲ್ಲ. ನೋಟ್‌ಬುಕ್ ತರಿಸಿ, ನಾನು ಬರೆದಿದ್ದ ‘22 ಚಿತ್ರ’ ಎಂಬುದರಲ್ಲಿ ‘ಚಿತ್ರ’ವನ್ನು ಹೊಡೆದುಹಾಕಿ, ಅದರ ಮೇಲೆ ‘ಸಲ ಲಿವರ್ ಎಳೆದದ್ದು’ ಎಂದು ತಿದ್ದಿದರು. “ಈಗ ಇದು ಖರೆ ಆತು ನೋಡು” ಎಂದರು.